ಯಮುನೆಯ ನೀರು, ದೆಹಲಿಯ ಕಾಮಾಲೆ

ನಲ್ಲಿಯ ನೀರು ತಿಳಿಯಾಗಿದ್ದು, ಅದರಲ್ಲಿ ಕ್ಲೋರಿನ್ ವಾಸನೆಯೂ ಇದ್ದರೆ ಇನ್ನು ಭಯವಿಲ್ಲವೆಂದು ನಾವು ಭಾವಿಸುವುದುಂಟು. ಈ ನಂಬಿಕೆಗೆ 1955ರ ಚಳಿಗಾಲದಲ್ಲಿ ನಮ್ಮ ದೆಹಲಿಯಲ್ಲೇ ಪೆಟ್ಟು ಬಿದ್ದಿತು.

ವಜೀರಾಬಾದಿನಲ್ಲಿ ಯಮುನೆಯ ನೀರನ್ನೆತ್ತಿ ಶುದ್ಧಮಾಡಿ ನಗರಕ್ಕೆ ಒದಗಿಸುತ್ತಾರೆ. ಅಲ್ಲಿಂದ ಸ್ವಲ್ಪ ಕೆಳಗೆ ನಜಫ್‌ಗಢದ ನಾಲೆ ಕೊಳಚೆಯನ್ನು ತಂದು ನದಿಗೆ ಸುರಿಯುತ್ತದೆ. ನೀರೆತ್ತುವುದು ಮೇಲೆ, ಕೊಳಚೆ ಕೆಳಗೆ; ಲೆಕ್ಕವೇನೋ ಸರಿಯೇ. ಆದರೆ ಆ ವರ್ಷ ಪ್ರವಾಹ ಇಳಿದ ಮೇಲೆ ನದಿಯ ಹರಿವಿನ ದಾರಿ ಬದಲಾಯಿತು. ನವೆಂಬರಿನಲ್ಲಿ ಕೆಲವು ದಿನ ನಾಲೆಯ ಕೊಳಚೆ ಹಿಂದಕ್ಕೆ ಸರಿದು ನೀರೆತ್ತುವ ಜಾಗವನ್ನೇ ಮುಟ್ಟಿತು.

ಅಧಿಕಾರಿಗಳು ಕೈಕಟ್ಟಿ ಕುಳಿತಿರಲಿಲ್ಲ. ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಅದಕ್ಕೆ ಫಲವೂ ದೊರೆಯಿತು: ಟೈಫಾಯ್ಡ್ ಆಗಲಿ ಆಮಶಂಕೆಯಾಗಲಿ ಏರಲಿಲ್ಲ. ಬ್ಯಾಕ್ಟೀರಿಯಾಗಳು ಸತ್ತವು, ವೈರಸ್ ಮಾತ್ರ ಪಾರಾಗಿ ಮನೆಮನೆ ಸೇರಿತು. ಅದು ದೇಹ ಹೊಕ್ಕ ಮೇಲೆ ರೋಗ ಹೊರಬೀಳಲು ವಾರಗಳೇ ಹಿಡಿಯುತ್ತವೆ. ಡಿಸೆಂಬರ್, ಜನವರಿಗಳಲ್ಲಿ ಸುಮಾರು 29,300 ಜನ ಕಾಮಾಲೆಗೆ ತುತ್ತಾದರೆಂದು ಆಗಿನ ಸಮೀಕ್ಷೆಯ ಅಂದಾಜು.

ಬಹುಪಾಲು ಜನ ಚೇತರಿಸಿಕೊಂಡರು. ಗರ್ಭಿಣಿಯರ ಪಾಡು ಬೇರೆಯಾಯಿತು. ಅವರಲ್ಲಿ ಸಾವು ಇತರರಿಗಿಂತ ಬಹಳ ಹೆಚ್ಚು. ಡಾ. ವಿಶ್ವನಾಥನ್ ಅವರು 1957ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಇದೂ ದಾಖಲಾಗಿದೆ. ಏಕೆ ಹೀಗಾಯಿತೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಇದು ಮಕ್ಕಳಲ್ಲಿ ಸಾಮಾನ್ಯವಾದ ಹೆಪಟೈಟಿಸ್ 'ಎ' ಇರಬೇಕೆಂದೇ ಬಹುಕಾಲ ನಂಬಿದ್ದರು. ಆಗಿನ ರೋಗಿಗಳ ರಕ್ತದ ಮಾದರಿಗಳನ್ನು ಯಾರೋ ಪುಣ್ಯಾತ್ಮರು ಜೋಪಾನವಾಗಿ ಕಾದಿರಿಸಿದ್ದರು! ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಡಾ. ಖುರ್ಷೀದ್ ಪಾವ್ರಿ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ವಿಜ್ಞಾನಿಗಳೊಡನೆ ಅವನ್ನು ಪರೀಕ್ಷಿಸಿ, ಇದು 'ಎ' ಅಲ್ಲ, 'ಬಿ'ಯೂ ಅಲ್ಲವೆಂದು 1980ರಲ್ಲಿ ತಿಳಿಸಿದರು. ಅದೇ ವರ್ಷ ಡಾ. ಖುರೂ ಅವರು ಕಾಶ್ಮೀರದ ಪಿಡುಗನ್ನು ಕುರಿತು ಇದೇ ತೀರ್ಮಾನಕ್ಕೆ ಬಂದರು. ಸೋವಿಯತ್ ವಿಜ್ಞಾನಿ ಬಲಯಾನ್ ಅವರದು ಇನ್ನೂ ಸಾಹಸ. ರೋಗಿಗಳ ಮಲದಿಂದ ತೆಗೆದ ದ್ರವವನ್ನು ತಾವೇ ಕುಡಿದು, ಕಾಮಾಲೆ ತಂದುಕೊಂಡು, ಹೊಸ ವೈರಸ್ಸಿನ ಕಣಗಳನ್ನು 1983ರಲ್ಲಿ ಜಗತ್ತಿಗೆ ತೋರಿಸಿದರು. ಈಗ ಅದರ ಹೆಸರು ಹೆಪಟೈಟಿಸ್ 'ಇ'.

ಕಾಮಾಲೆಯೆಂದೊಡನೆ ನಮ್ಮವರು ನೆಲನೆಲ್ಲಿ ಹುಡುಕುತ್ತಾರೆ. 'ಇ' ಸಾಮಾನ್ಯವಾಗಿ ತಾನಾಗಿಯೇ ಇಳಿಯುವ ರೋಗವಾದ್ದರಿಂದ ಕೀರ್ತಿ ಗಿಡಕ್ಕೆ ಸಲ್ಲುತ್ತದೆ. ಆದರೆ ಬಸುರಿಗೆ ಕೊನೆಯ ಮೂರು ತಿಂಗಳಲ್ಲಿ ಇದು ತಗುಲಿದರೆ ಸಾವಿನ ಪ್ರಮಾಣ ಶೇಕಡಾ 20-25ರವರೆಗೂ ಏರುತ್ತದೆ. ಆಗ ಗಿಡಮೂಲಿಕೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನು ನೀರಿನ ಮಾತು: ಕ್ಲೋರಿನ್ನಿನಿಂದ ತಪ್ಪಿಸಿಕೊಂಡ ಆ ವೈರಸ್ ಚೆನ್ನಾಗಿ ಕುದಿಸಿದ ನೀರಿನಲ್ಲಿ ಉಳಿಯುವುದಿಲ್ಲ.