ಪ್ರಜಾಪ್ರತಿನಿಧಿ ಸಭೆಯಲ್ಲಿ ತೆರಿಗೆಯ ಮಾತು

ವಿಧಾನಸಭೆಯ ಪ್ರಶ್ನೋತ್ತರ ವೇಳೆಯೆಂಬುದು ಈಗ ನಮಗೆ ತೀರ ಪರಿಚಿತವಾದ ಸಂಗತಿ. ಸದಸ್ಯರೊಬ್ಬರು ಎದ್ದು, ಈ ತೆರಿಗೆಯನ್ನು ಏಕೆ ಏರಿಸಿದಿರಿ, ಆ ಮಸೂದೆಯನ್ನು ಎಂದು ತರುತ್ತೀರಿ ಎಂದು ಕೇಳುತ್ತಾರೆ. ಮಂತ್ರಿಗಳು ಕಡತ ನೋಡಿ ಉತ್ತರ ಹೇಳುತ್ತಾರೆ, ಇಲ್ಲವೆ ಹೇಳಿದಂತೆ ಮಾಡುತ್ತಾರೆ. ಮರುದಿನ ನಾವು ಅದನ್ನು ಪತ್ರಿಕೆಯಲ್ಲಿ ಓದಿ, ಪತ್ರಿಕೆಯನ್ನು ಮಡಿಸಿಡುತ್ತೇವೆ. ಆದರೆ ಬೊಕ್ಕಸಕ್ಕೆ ಹಣ ತೆರುವ ರೈತನೊಬ್ಬ ದೊರೆಯ ಮಂತ್ರಿಯ ಎದುರು ನಿಂತು ಹೀಗೆ ಕೇಳಬಹುದೆಂಬ ಭಾವನೆ ಹಳೆಯ ಮೈಸೂರು ಸೀಮೆಗೆ ಬಂದದ್ದು ಯಾವಾಗ, ಹೇಗೆ ಎಂದು ವಿಚಾರಿಸಿದರೆ ಸ್ವಾರಸ್ಯವಾದ ಕಥೆಯೊಂದು ಹೊರಬೀಳುತ್ತದೆ.

1881ರ ಮಾರ್ಚ್ 25ರಂದು ಇಂಗ್ಲಿಷರು ಐವತ್ತು ವರ್ಷ ತಾವೇ ಆಳಿದ ಮೈಸೂರನ್ನು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದರು. ಒಪ್ಪಿಸಿದ್ದು ಎಂಥ ರಾಜ್ಯವನ್ನು? 1876ರಿಂದ 78ರವರೆಗಿನ ಬರಗಾಲ ನಾಡನ್ನು ಹಿಂಡಿ ಹಿಪ್ಪೆ ಮಾಡಿತ್ತು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಸ್ವಲ್ಪ ಕಡಮೆ. ಬೊಕ್ಕಸದಲ್ಲಿ ಉಳಿತಾಯವಿರಲಿಲ್ಲ, ಬದಲಿಗೆ ಬರಗಾಲದ ಸಾಲ 80 ಲಕ್ಷ ರೂಪಾಯಿ ತಲೆಯ ಮೇಲಿತ್ತು. ವರ್ಷದ ಒಟ್ಟು ವರಮಾನ ಸುಮಾರು ಒಂದು ಕೋಟಿ. ಅದರಲ್ಲಿ ಇಂಗ್ಲಿಷ್ ಸರ್ಕಾರಕ್ಕೆ ಕೊಡಬೇಕಾದ ಪೊಗದಿಯೇ ಇಪ್ಪತ್ತನಾಲ್ಕೂವರೆ ಲಕ್ಷ. ಅದನ್ನು 35 ಲಕ್ಷಕ್ಕೆ ಏರಿಸಬೇಕೆಂಬ ಷರತ್ತು ಬೇರೆ. ಬರಗಾಲದ ಕಾರಣ ಏರಿಕೆಯನ್ನು ಮೊದಲು ಐದು ವರ್ಷ, ಆಮೇಲೆ ಇನ್ನೂ ಹತ್ತು ವರ್ಷ ಮುಂದಕ್ಕೆ ಹಾಕಿದರೆಂಬುದಷ್ಟೇ ಸಮಾಧಾನ.

ಇಂಥ ಮನೆಯ ಯಜಮಾನಿಕೆ ದಿವಾನ್ ರಂಗಾಚಾರ್ಲು ಅವರ ಪಾಲಿಗೆ ಬಂತು. ಖರ್ಚು ತಗ್ಗಿಸಲು ಅವರು ಹಾಸನ, ಚಿತ್ರದುರ್ಗಗಳ ಜಿಲ್ಲಾ ಪದವಿಯನ್ನೇ ತೆಗೆದುಹಾಕಿದರು. ಬೇರೆಯವರಾದರೆ ಇಂಥ ಹೊತ್ತಿನಲ್ಲಿ ಜನರ ಕಣ್ಣಿಗೆ ಬೀಳದೆ ಕಚೇರಿಯ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದರು. ರಂಗಾಚಾರ್ಲು ಜನರನ್ನು ಕರೆಸಿದರು. 1881ರ ಆಗಸ್ಟ್ 25ರಂದು ಮಹಾರಾಜರ ಆಜ್ಞೆ ಹೊರಟಿತು: ತಾಲ್ಲೂಕುಗಳಿಂದ ತಿಳಿವಳಿಕೆಯುಳ್ಳ ಭೂಮಾಲಿಕರೂ ಜಿಲ್ಲೆಗಳಿಂದ ಪ್ರಮುಖ ವರ್ತಕರೂ ದಸರೆಯ ಕಾಲಕ್ಕೆ ಮೈಸೂರಿಗೆ ಬರಬೇಕು, ಹೋದ ವರ್ಷ ಸರ್ಕಾರ ಏನು ಮಾಡಿತು, ಬರುವ ವರ್ಷ ಏನು ಮಾಡಲಿದೆ ಎಂಬುದನ್ನು ಅವರ ಮುಂದೆ ಇಡಲಾಗುವುದು. ಅಕ್ಟೋಬರ್ 7ರಂದು ಸಭೆ ಸೇರಿತು. ಬಂದವರು 144 ಮಂದಿ.

ಇದು ಪಾರ್ಲಿಮೆಂಟಾಗಿರಲಿಲ್ಲ. ಬಂದವರನ್ನು ಯಾರೂ ಚುನಾಯಿಸಿರಲಿಲ್ಲ. ಮತ ಹಾಕುವ ಹಕ್ಕು ಅವರಿಗಿರಲಿಲ್ಲ, ಆಯವ್ಯಯವನ್ನು ತಿರಸ್ಕರಿಸುವ ಮಾತಂತೂ ದೂರ. ಸಭೆಯ ಅಧ್ಯಕ್ಷರು ದಿವಾನರು, ವರದಿ ಓದುವವರು ದಿವಾನರು, ಉತ್ತರ ಹೇಳುವವರೂ ದಿವಾನರೇ. ಆರೋಪಿಯೇ ನ್ಯಾಯಾಧೀಶನ ಪೀಠದಲ್ಲಿ ಕೂತಂತೆ ಎಂದು ಯಾರಾದರೂ ಹಾಸ್ಯ ಮಾಡಿದರೆ ತಪ್ಪೇನಿಲ್ಲ. ಆದರೂ ಒಂದು ಸಂಗತಿಯನ್ನು ಮರೆಯಬಾರದು. ಅದುವರೆಗೆ ಕಂದಾಯವೆಂದರೆ ಅಮಲ್ದಾರನ ಮುಖ, ಶ್ಯಾನುಭೋಗನ ಲೆಕ್ಕ, ಜಮಾಬಂದಿಯ ದಿನದ ಗದ್ದಲ. ಈ ಹಣ ಎಲ್ಲಿಗೆ ಹೋಗುತ್ತದೆ ಎಂದು ರೈತನಿಗೆ ಹೇಳಬೇಕೆಂದು ಯಾರಿಗೂ ತೋರಿರಲಿಲ್ಲ. ರಂಗಾಚಾರ್ಲು ಹೇಳಿದರು. ಒಮ್ಮೆ ಹೇಳಿದ ಮೇಲೆ ಮರುವರ್ಷ ಹೇಳದಿರುವಂತಿಲ್ಲ.

ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಅವರ ತರುವಾಯ ಹದಿನೆಂಟು ವರ್ಷ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಮನಸ್ಸು ಮಾಡಿದ್ದರೆ ಈ ವಾರ್ಷಿಕ ಕೂಟವನ್ನು ದಸರೆಯ ಅಲಂಕಾರಗಳಲ್ಲಿ ಒಂದನ್ನಾಗಿ ಮಾಡಿಬಿಡಬಹುದಾಗಿತ್ತು. ಹಾಗಾಗಲಿಲ್ಲ. ದಿವಾನರ ಭಾಷಣ ಮುಗಿದ ಮೇಲೆ ಜಿಲ್ಲೆ ಜಿಲ್ಲೆಯಾಗಿ ಸದಸ್ಯರನ್ನು ಕರೆಯುವ, ಅವರ ಅರಿಕೆಗಳನ್ನು ಕೇಳಿ ಒಂದೊಂದಕ್ಕೂ ಉತ್ತರ ಹೇಳುವ ಪದ್ಧತಿ ನೆಲೆನಿಂತಿತು. ಮಂಜರಾಬಾದಿನ ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ ಎಂಬ ಇಂಗ್ಲಿಷರು ತೋಟಗಾರರ ಪರವಾಗಿ ಈ ಸಭೆಯಲ್ಲಿ ಕುಳಿತಿದ್ದವರು. 1894ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದರ ಕಲಾಪವನ್ನು ಅಕ್ಕರೆಯಿಂದಲೇ ವರ್ಣಿಸಿದ್ದಾರೆ. 1891ರಲ್ಲಿ ಸದಸ್ಯರನ್ನು ಆರಿಸುವ ಹಕ್ಕು ಜನಕ್ಕೆ ಬಂತು. ಜನಕ್ಕೆ ಎಂದರೆ ಎಲ್ಲರಿಗೂ ಅಲ್ಲ. ಗೊತ್ತಾದ ಮೊತ್ತದ ಕಂದಾಯವನ್ನೋ ಮೊಹತರ್ಫವನ್ನೋ ಕಟ್ಟುವವರಿಗೆ, ಮತ್ತೆ ಪದವೀಧರರಿಗೆ. ತೆರಿಗೆ ಕಟ್ಟುವವನೇ ಕೇಳಲು ಅರ್ಹ ಎಂಬ ಈ ತರ್ಕದಲ್ಲಿ ಬಡವನಿಗೆ ಜಾಗವಿರಲಿಲ್ಲ. ಅವನು ತೆರುತ್ತಿದ್ದುದು ಗೇಣಿಯಲ್ಲಿ, ಹೆಂಡದ ಬೆಲೆಯಲ್ಲಿ, ಉಪ್ಪಿನ ಬೆಲೆಯಲ್ಲಿ. ಅದಕ್ಕೆ ರಸೀತಿ ಯಾರೂ ಕೊಡುತ್ತಿರಲಿಲ್ಲ.

ಉಪ್ಪಿನ ಮಾತು ಬಂದುದರಿಂದ ಇನ್ನೊಂದು ತೊಡಕನ್ನೂ ಹೇಳಬೇಕು. ಉಪ್ಪಿನ ಸುಂಕ ಮೈಸೂರಿನ ಕೈಯಲ್ಲಿರಲಿಲ್ಲ. ಅದು ಇಂಗ್ಲಿಷ್ ಸರ್ಕಾರದ್ದು. ಪೊಗದಿಯ ಮಾತೂ ಅಷ್ಟೇ. ಕಾನೂನುಗಳಲ್ಲಿ ಮುಖ್ಯವಾದ ಬದಲಾವಣೆ ಮಾಡಬೇಕಾದರೂ ವೈಸರಾಯರ ಒಪ್ಪಿಗೆ ಬೇಕಿತ್ತು. ಆದ್ದರಿಂದ ದಿವಾನರ ಉತ್ತರಗಳ ಹಿಂದೆ ಯಾವಾಗಲೂ ಕಾಣದ ಮೂರನೆಯವನೊಬ್ಬ ಇರುತ್ತಿದ್ದ. ಪ್ರಶ್ನೆ ಕೇಳುವವನಿಗೆ ದಿವಾನರನ್ನು ಇಳಿಸುವ ಶಕ್ತಿಯಿಲ್ಲ; ಉತ್ತರ ಹೇಳುವವರಿಗೆ ಪೂರ್ತಿ ಉತ್ತರ ಹೇಳುವ ಸ್ವಾತಂತ್ರ್ಯವಿಲ್ಲ.

ಕಲ್ಕತ್ತೆಯ ಸ್ಥಿತಿಯೂ ಮೇಲಾಗಿರಲಿಲ್ಲ. ವೈಸರಾಯರ ಸಭೆಯಲ್ಲಿ ಪ್ರಶ್ನೆ ಕೇಳುವ ಅವಕಾಶ ದೊರೆತದ್ದು 1892ರ ಕಾಯಿದೆಯಿಂದ. ಮೊದಲ ಪ್ರಶ್ನೆ ಕೇಳಿದವರು ಭಿಂಗಾದ ರಾಜರು, 1893ರ ಫೆಬ್ರವರಿ 16ರಂದು. ದೊಡ್ಡ ರಾಜಕೀಯವೇನೂ ಅಲ್ಲ: ಸಾಹೇಬರು ಸರ್ಕೀಟು ಹೊರಟಾಗ ಅವರ ಬಿಡಾರಕ್ಕೆ ದಿನಸಿ ಒದಗಿಸುವುದರಿಂದ ಹಳ್ಳಿಯ ಅಂಗಡಿಯವರಿಗೆ ಆಗುವ ತೊಂದರೆಯನ್ನು ಕುರಿತದ್ದು. ಬಿಟ್ಟಿ ಬೇಳೆ ಬೆಲ್ಲ ಕೊಟ್ಟು ಸೋತ ಅಂಗಡಿಯವರು ನಮ್ಮ ಸೀಮೆಯಲ್ಲೂ ಇದ್ದರು; ಪ್ರಶ್ನೆಯ ಮರ್ಮ ಇಲ್ಲಿಯವರಿಗೂ ಅರ್ಥವಾದೀತು. ಉತ್ತರಕ್ಕೆ ಮರುಪ್ರಶ್ನೆ ಹಾಕುವ ಹಕ್ಕು ಅಲ್ಲಿ 1909ರವರೆಗೆ ಬರಲಿಲ್ಲ.

ಮೈಸೂರಿನಲ್ಲಿ ಮುಂದೆ ಬರಲಿರುವ ಕಾನೂನಿನ ಮಾತೂ ತೆರಿಗೆಯ ಜೊತೆಜೊತೆಗೇ ಸಭೆಗೆ ಬಂತು. 1907ರವರೆಗೆ ಶಾಸನ ಮಾಡುವುದಕ್ಕೆಂದು ಬೇರೆ ಸಭೆ ಇಲ್ಲಿರಲಿಲ್ಲ. ಬಾಲ್ಯವಿವಾಹದ ಪ್ರಶ್ನೆ ಪ್ರಜಾಪ್ರತಿನಿಧಿಗಳ ನಡುವೆ ಚರ್ಚೆಗೆ ಬಂದು, 1894ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸುವ ಕಾನೂನಾಯಿತು. ಈಗ ಎಂಟು ವರ್ಷವೆಂದರೆ ನಗು ಬರಬಹುದು, ಇಲ್ಲವೆ ಅಳು. ಅಂದಿನವರಿಗೆ ಅದೂ ಹೆಚ್ಚೆಂದು ತೋರಿತ್ತು.

1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಅದು ಸಣ್ಣ ಸಭೆ. ಅದರ ಮರುವರ್ಷವೇ ಬಂದದ್ದು ವೃತ್ತಪತ್ರಿಕೆಗಳ ಕಟ್ಟಳೆ. ‘ತಾತಯ್ಯ’ನವರೆಂದು ಮೈಸೂರಿನವರು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅವರು ಪ್ರಜಾಪ್ರತಿನಿಧಿ ಸಭೆಯ ಹಿರಿಯ ದನಿಗಳಲ್ಲಿ ಒಬ್ಬರು. ಕಾನೂನು ಮಾಡುವವರು ಒಂದು ಕಡೆ, ಅದಕ್ಕೆ ತಲೆಕೊಡುವ ಜನರ ಪರ ಮಾತಾಡುವವರು ಇನ್ನೊಂದು ಕಡೆ ಎಂದಾದರೆ ಏನಾಗುತ್ತದೆಂಬುದು ಆಗ ತಿಳಿಯಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಬಾಗಿಲು ಇನ್ನಷ್ಟು ತೆರೆಯಿತು. ನ್ಯಾಯವಿಧಾಯಕ ಸಭೆಯವರಿಗೆ ಪ್ರಶ್ನೆ ಕೇಳುವ, ಆಯವ್ಯಯ ಚರ್ಚಿಸುವ ಅಧಿಕಾರ ಬಂತು. 1917ರಿಂದ ಪ್ರಜಾಪ್ರತಿನಿಧಿಗಳು ದಸರೆಗೆ ಮಾತ್ರವಲ್ಲದೆ ಮಹಾರಾಜರ ವರ್ಧಂತಿಯ ಕಾಲದಲ್ಲೂ ಸೇರಿ ಆಯವ್ಯಯದ ಮಾತಾಡತೊಡಗಿದರು.

ಕೊನೆಗೆ 1923. ಬ್ರಜೇಂದ್ರನಾಥ ಶೀಲರ ಸಮಿತಿ ವರದಿ ಕೊಟ್ಟ ಮೇಲೆ ದಿವಾನ್ ಆಲ್ಬಿಯನ್ ಬ್ಯಾನರ್ಜಿಯವರ ಕಾಲದಲ್ಲಿ ಆದ ಶಾಸನ ಎರಡು ಮಾತುಗಳನ್ನು ಲಿಖಿತ ಮಾಡಿತು. ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳದೆ ಹೊಸ ತೆರಿಗೆ ಹಾಕಬಾರದು. ತುರ್ತು ಸಂದರ್ಭ ಬಿಟ್ಟರೆ, ಯಾವ ಮಸೂದೆಯಾದರೂ ನ್ಯಾಯವಿಧಾಯಕ ಸಭೆಗೆ ಹೋಗುವ ಮೊದಲು ಅದರ ತತ್ತ್ವ ಈ ಸಭೆಯ ಮುಂದೆ ಬರಬೇಕು. ನಲವತ್ತೆರಡು ವರ್ಷ ದಿವಾನರ ಸೌಜನ್ಯವಾಗಿದ್ದುದು ಈಗ ದಿವಾನರ ಕರ್ತವ್ಯವಾಯಿತು. ಅಭಿಪ್ರಾಯ ಕೇಳುವುದೇ ಬೇರೆ, ಒಪ್ಪಿಗೆ ಪಡೆಯುವುದೇ ಬೇರೆ ಎಂದು ಆಕ್ಷೇಪಿಸಬಹುದು, ಆಕ್ಷೇಪ ಸರಿಯಾದದ್ದೇ. ಜವಾಬ್ದಾರಿ ಸರ್ಕಾರಕ್ಕಾಗಿ ಮುಂದೆ ಮೈಸೂರಿನವರು ಸೆರೆಮನೆಗೆ ಹೋಗಬೇಕಾಗಿ ಬಂದದ್ದೂ ಅದಕ್ಕಾಗಿಯೇ. ಆದರೆ ಕೇಳಿ ಕೇಳಿ ಅಭ್ಯಾಸವಾಗಿದ್ದ ಜನ ಅವರು. ಕೇಳುವುದು ರಾಜದ್ರೋಹವೆಂಬ ಅಳುಕು ಅವರಿಗಿರಲಿಲ್ಲ.

ಪೊಗದಿಯ ಪ್ರಶ್ನೆಗೂ ತಡವಾಗಿಯಾದರೂ ಉತ್ತರ ಬಂತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1928ರಲ್ಲಿ, ಹೆಚ್ಚಿಸಿದ್ದ ಹತ್ತೂವರೆ ಲಕ್ಷವನ್ನು ಇಂಗ್ಲಿಷ್ ಸರ್ಕಾರ ಬಿಟ್ಟುಕೊಟ್ಟಿತು.

ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ವಿಸರ್ಜನೆಯಾಯಿತು. ಅದರ ಕಲಾಪಗಳ ಅಚ್ಚಾದ ಸಂಪುಟಗಳು ಉಳಿದಿವೆ. ಇಂಥ ತಾಲ್ಲೂಕಿನ ಇಂಥವರ ಅರಿಕೆ, ಅದರ ಕೆಳಗೆ ಸರ್ಕಾರದ ಉತ್ತರ. ಉತ್ತರ ಎಷ್ಟೋ ಕಡೆ ಒಂದೇ ಸಾಲು.