‘ಪಿತ್ತ’ ಪದದ ಅರ್ಥವಿಸ್ತಾರ ಮತ್ತು ನಿಷ್ಪತ್ತಿ

ದಕ್ಷಿಣ ಕರ್ನಾಟಕದ ಆಡುಮಾತಿನಲ್ಲಿ ‘ಪಿತ್ತ ಜಾಸ್ತಿಯಾಗಿದೆ’ ಎಂದರೆ ಹುಳಿತೇಗು, ಎದೆಯುರಿ, ತಲೆಸುತ್ತು ಎಂದೇ ಅರ್ಥ. ಆಧುನಿಕ ಶರೀರಶಾಸ್ತ್ರವಾದರೋ ಈ ಪದವನ್ನು ಯಕೃತ್ತಿನಲ್ಲಿ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಉತ್ಪತ್ತಿಯಾಗಿ, ಪಿತ್ತಕೋಶದಲ್ಲಿ ಸಂಗ್ರಹವಾಗಿ, ಸಣ್ಣಕರುಳಿನಲ್ಲಿ ಜಿಡ್ಡನ್ನು ಸೂಕ್ಷ್ಮ ಕಣಗಳಾಗಿ ಒಡೆಯುವ ಹಳದಿಹಸಿರು ರಸಕ್ಕೆ ಮಾತ್ರ ಮೀಸಲಿಟ್ಟಿದೆ. ಹುಳಿತೇಗಿಗೆ ಕಾರಣವಾದುದು ಜಠರದ ಆಮ್ಲವಾದ್ದರಿಂದ ಜನರ ಬಳಕೆ ತಪ್ಪೆಂದು ತೋರಬಹುದಾದರೂ, ಆ ತೀರ್ಮಾನ ಒಪ್ಪತಕ್ಕದ್ದಲ್ಲ. ಆಯುರ್ವೇದ ಗ್ರಂಥಗಳಾದ ಕಾಶ್ಯಪ ಸಂಹಿತೆ ಮತ್ತು ಮಾಧವನಿದಾನಗಳು ಇದೇ ತೊಂದರೆಯನ್ನು ‘ಅಮ್ಲಪಿತ್ತ’ವೆಂದು ಕರೆದಿದ್ದು, ಮನೆಮಾತು ಆ ಪರಂಪರೆಯನ್ನೇ ಮುಂದುವರಿಸಿದೆ.

ಪದದ ಮೊದಲ ಅರ್ಥ ಯಾವುದೆಂಬ ಪ್ರಶ್ನೆಗೆ ಅಥರ್ವವೇದದಲ್ಲಿ ಸುಳಿವಿದೆ. ಅಲ್ಲಿ ಚರ್ಮದ ಬಿಳುಪನ್ನು ನಿವಾರಿಸುವ ಮೂಲಿಕೆಯೊಂದನ್ನು ಸುಪರ್ಣವೆಂಬ ಹಕ್ಕಿಯ ಪಿತ್ತವೆಂದು ಸಂಬೋಧಿಸಲಾಗಿದೆ. ಎಂದರೆ ಪದವು ಪ್ರಾಣಿಯ ಒಡಲಿನ ಕಣ್ಣಿಗೆ ಕಾಣುವ ವಸ್ತುವನ್ನು ಸೂಚಿಸುತ್ತದೆ. ಕೋಳಿಯನ್ನು ಹಸನು ಮಾಡುವವರು ಒಡೆದರೆ ಮಾಂಸ ಕಹಿಯಾದೀತೆಂದು ಎಚ್ಚರದಿಂದ ಕಿತ್ತು ತೆಗೆಯುವ ಹಸಿರು ಚೀಲದ ರಸವೂ ಅದೇ. ಸುಶ್ರುತ ಸಂಹಿತೆ ‘ಸುಡು’ ಎಂಬರ್ಥದ ‘ತಪ’ ಧಾತುವಿನಿಂದ ಪದವನ್ನು ನಿಷ್ಪನ್ನಗೊಳಿಸುವುದು ಧ್ವನಿನಿಯಮಕ್ಕಿಂತ ಸಿದ್ಧಾಂತಕ್ಕೆ ಹೆಚ್ಚು ಒಗ್ಗುತ್ತದೆ: ಪಚನ, ವರ್ಣ, ದೃಷ್ಟಿ, ಮೇಧೆ, ಚರ್ಮಕಾಂತಿಗಳನ್ನು ನಿರ್ವಹಿಸುವ ಪಾಚಕ, ರಂಜಕ, ಆಲೋಚಕ, ಸಾಧಕ, ಭ್ರಾಜಕಗಳೆಂಬ ಐದು ಪಿತ್ತಗಳಿಗೂ ಉಷ್ಣವೇ ಸಮಾನ ಗುಣವೆಂದು ಸ್ಥಾಪಿಸುವುದು ಅದರ ಉದ್ದೇಶ.

ಕನ್ನಡದೊಳಗಿನ ಚರಿತ್ರೆಗೆ ಹೆಚ್ಚು ಬೆಳಕು ಚೆಲ್ಲುವುದು ‘ಹಿತ್ತಾಳೆ’. ಪಿತ್ತದ ಬಣ್ಣವುಳ್ಳ ಲೋಹವೆಂಬರ್ಥದ ಸಂಸ್ಕೃತ ‘ಪಿತ್ತಲ’ವು ಪಿತ್ತಳೆಯಾಗಿ, ಹತ್ತನೆಯ ಶತಮಾನದ ಸುಮಾರಿಗೆ ತೊಡಗಿ ನಡುಗನ್ನಡದಲ್ಲಿ ವ್ಯಾಪಕವಾದ ಪಕಾರ–ಹಕಾರ ಪಲ್ಲಟಕ್ಕೆ ಒಳಗಾಗಿ, ಪಾಲು ಹಾಲಾದಂತೆ, ಹಿತ್ತಾಳೆಯಾಯಿತು, ಆದರೆ ಅದರ ಮೂಲವಾದ ‘ಪಿತ್ತ’ ಹಿತ್ತವಾಗಲಿಲ್ಲ. ಪಾತ್ರೆಯ ಹೆಸರು ಕಂಚುಗಾರರ, ಅಡುಗೆಮನೆಯವರ ಬಾಯಲ್ಲಿ ಬೇಗ ತದ್ಭವವಾಯಿತೆಂದೂ, ಪಿತ್ತವೆಂಬ ದೇಹದೋಷದ ಹೆಸರು ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದಂತಹ ವೈದ್ಯಗ್ರಂಥಗಳ ಹಾಗೂ ಪಂಡಿತರ ಉಚ್ಚಾರಣೆಯ ಬಲದಿಂದ ತತ್ಸಮವಾಗಿಯೇ ಉಳಿಯಿತೆಂದೂ ಇದರಿಂದ ಊಹಿಸುವುದು ಯುಕ್ತ.

ಸಿಟ್ಟು, ಹುಚ್ಚಾಟಗಳನ್ನು ಹೇಳುವ ‘ಪಿತ್ತ ನೆತ್ತಿಗೇರು’ ಎಂಬ ನುಡಿಗಟ್ಟಿನ ಬೆಳವಣಿಗೆ ಬೇರೆ ಬಗೆಯದು. ತಮಿಳಿನಲ್ಲಿ ‘ಪಿತ್ತನ್’ ಎಂದರೆ ಹುಚ್ಚನೆಂದೂ, ಗ್ರೀಕಿನಲ್ಲಿ ಪಿತ್ತರಸವೆಂಬರ್ಥದ ‘ಖೋಲೆ’ಗೆ ಸಮೀಪದ ‘ಖೋಲೋಸ್’ ಎಂದರೆ ಕೋಪವೆಂದೂ ಅರ್ಥವಿರುವುದರಿಂದ ಈ ಬಗೆಯ ಅರ್ಥಾಂತರ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಆದರೆ ಬುದ್ಧಿಗೆ ಸಂಬಂಧಿಸಿದ ಸಾಧಕಪಿತ್ತದ ನೆಲೆಯನ್ನು ಸುಶ್ರುತನು ಹೃದಯವೆಂದು ಹೇಳಿರುವಾಗ ಕನ್ನಡದ ಪಿತ್ತವು ನೆತ್ತಿಗೆ ಏರಬೇಕಾದ ಕಾರಣವನ್ನು ಶಾಸ್ತ್ರದ ಆ ಭಾಗದಲ್ಲಿ ಹುಡುಕಲಾಗದು. ವಾತದೊಡನೆ ಪಿತ್ತವನ್ನೂ ತಲೆಸುತ್ತಿನ ಕಾರಣವಾಗಿ ಎಣಿಸುವ ಮಾಧವನಿದಾನದ ರೋಗಲಕ್ಷಣದಲ್ಲಿ, ಬಿಸಿಲಿಗೆ ಕಣ್ಣುಕತ್ತಲೆ ಬಂದವರ ನಿತ್ಯದ ಅನುಭವದಲ್ಲಿ, ಅದರ ಬೇರು ಇರುವ ಸಂಭವವೇ ಹೆಚ್ಚು.