ಮ್ಯಾರಥಾನ್ ಎಷ್ಟು ಹಳೆಯದು?

ಮ್ಯಾರಥಾನ್ ಓಟ ಎಲ್ಲಿ ಆರಂಭವಾಯಿತೆಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ‘ಪ್ರಾಚೀನ ಒಲಿಂಪಿಕ್ಸ್‌ನಲ್ಲಿ’ ಎನ್ನುವಿರಿ. ನಾನೂ ಕೆಲವು ವರ್ಷ ತರಗತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದೆ. ಅದು ತಪ್ಪು.

ಗ್ರೀಸಿನ ಒಲಿಂಪಿಯಾ ಜ್ಯೂಸ್ ದೇವತೆಯ ಕ್ಷೇತ್ರ. ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ನಡೆಯುತ್ತಿದ್ದ ಕ್ರೀಡೋತ್ಸವದ ವಿಜೇತರ ಪಟ್ಟಿ ಕ್ರಿ.ಪೂ. 776ರಿಂದ ಆರಂಭವಾಗುತ್ತದೆ. ಅದರಲ್ಲಿ ಮೊದಲ ಹೆಸರು ಎಲಿಸ್‌ನ ಕೊರೊಯಿಬಸ್ ಎಂಬ ಅಡುಗೆಯವನದು. ಅವನು ಗೆದ್ದದ್ದು ಸುಮಾರು 192 ಮೀಟರಿನ ಓಟ. ಮುಂದೆ ಕುಸ್ತಿ, ಮುಷ್ಟಿಯುದ್ಧ, ರಥದ ಓಟಗಳು ಸೇರಿದವು. ಗೆದ್ದವನಿಗೆ ಆಲಿವ್ ಎಲೆಗಳ ಕಿರೀಟ, ಎರಡನೆಯವನಿಗೆ ಏನೂ ಇಲ್ಲ! ಅತಿ ದೂರದ ಓಟವೂ 5 ಕಿ.ಮೀ. ದಾಟುತ್ತಿರಲಿಲ್ಲ. ಹೆಂಗಸರು ಮೈದಾನಕ್ಕೆ ಇಳಿಯುವಂತಿರಲಿಲ್ಲ. ಮದುವೆಯಾದವರಿಗೆ, ಒಬ್ಬ ಅರ್ಚಕಿಯ ಹೊರತು, ನೋಡಲೂ ಅನುಮತಿ ಇರಲಿಲ್ಲ.

ರೋಮನ್ ಚಕ್ರವರ್ತಿ ಒಂದನೇ ಥಿಯೊಡೋಸಿಯಸ್ ನಾಲ್ಕನೇ ಶತಮಾನದ ಕೊನೆಯಲ್ಲಿ ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದ. ಕ್ರಮೇಣ ಕ್ರೀಡೆಗಳೂ ನಿಂತವು. ಭೂಕಂಪಕ್ಕೆ ದೇಗುಲ ಉರುಳಿತು, ನದಿಯ ಹೂಳು ಎಲ್ಲವನ್ನೂ ಮುಚ್ಚಿತು. 1875ರಲ್ಲಿ ಜರ್ಮನ್ ವಿದ್ವಾಂಸರು ಅಲ್ಲಿ ದೊಡ್ಡ ಉತ್ಖನನ ಕೈಗೊಂಡರು. ಹಳೆಯ ಒಲಿಂಪಿಯಾ ಮತ್ತೆ ಜನರ ಮಾತಿಗೆ ಬಂತು.

1894ರಲ್ಲಿ ಫ್ರಾನ್ಸಿನ ಪಿಯರಿ ಡಿ ಕೂಬರ್ಟಿನ್ ಪ್ಯಾರಿಸ್ಸಿನಲ್ಲಿ ಸಭೆ ಕರೆದು ಒಲಿಂಪಿಕ್ಸ್ ಪುನರಾರಂಭಿಸುವ ನಿರ್ಧಾರ ಮಾಡಿಸಿದರು. ಅವರ ಸ್ನೇಹಿತ, ಭಾಷಾ ವಿದ್ವಾಂಸ ಮಿಶೆಲ್ ಬ್ರೆಯಾಲ್ ಒಂದು ಹೊಸ ಸಲಹೆ ಕೊಟ್ಟರು. ಕ್ರಿ.ಪೂ. 490ರ ಯುದ್ಧದ ವಿಜಯವಾರ್ತೆ ಹೊತ್ತು ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಓಡಿ ಬಂದು ಪ್ರಾಣ ಬಿಟ್ಟ ದೂತನ ಕಥೆ ಇದೆಯಲ್ಲ, ಅದೇ ದಾರಿಯಲ್ಲಿ ಓಟದ ಸ್ಪರ್ಧೆ ಇಡೋಣ, ಗೆದ್ದವನಿಗೆ ಬೆಳ್ಳಿಯ ಬಟ್ಟಲು ನಾನೇ ಕೊಡುತ್ತೇನೆ ಎಂದರು. ಆ ಯುದ್ಧದ ಇತಿಹಾಸ ಬರೆದ ಹೆರೊಡೊಟಸ್‌ನಲ್ಲಿ ಈ ಕಥೆ ಇಲ್ಲವೇ ಇಲ್ಲ. ಶತಮಾನಗಳ ನಂತರದ ಲೇಖಕರಲ್ಲಿ ಮಾತ್ರ ಸಿಗುತ್ತದೆ. ಆದರೂ ಅದರಿಂದಲೇ ಓಟ ಹುಟ್ಟಿತು.

1896ರ ಏಪ್ರಿಲ್ 10ರಂದು ಸುಮಾರು 40 ಕಿ.ಮೀ. ಓಡಿ ಗೆದ್ದವನು ಮರೌಸಿ ಹಳ್ಳಿಯ ಸ್ಪಿರಿಡಾನ್ ಲೂಯಿಸ್, ನೀರು ಹೊತ್ತು ಮಾರುತ್ತಿದ್ದವನು. ತಗುಲಿದ ಸಮಯ 2 ಗಂಟೆ 58 ನಿಮಿಷ 50 ಸೆಕೆಂಡು. ನಮ್ಮವರೊಬ್ಬರೂ ಈ ಓಟದ ಚರಿತ್ರೆಯಲ್ಲಿದ್ದಾರೆ: 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು.

ಆದರೆ ಅಥೆನ್ಸಿನ ಇನ್ನೊಬ್ಬರನ್ನು ನಮ್ಮ ಪಠ್ಯಪುಸ್ತಕಗಳು ಹೆಸರಿಸುವುದಿಲ್ಲ. ಓಟ ಹೊಸದಾದರೂ ನಿಯಮ ಒಲಿಂಪಿಯಾದ್ದೇ ಆಗಿತ್ತು. 1896ರಲ್ಲಿ ಮಹಿಳೆಯರಿಗೆ ಯಾವ ಸ್ಪರ್ಧೆಯೂ ಇರಲಿಲ್ಲ. ಸ್ಟಮಾಟಾ ರೆವಿಥಿ ಎಂಬ ಬಡ ತಾಯಿ ಮ್ಯಾರಥಾನ್ ಓಡಲು ಬಂದಾಗ ಅವಕಾಶ ಸಿಗಲಿಲ್ಲ. ಆಕೆ ಮರುದಿನ ಒಬ್ಬಳೇ ಅದೇ ದಾರಿ ಹಿಡಿದು ಓಡಿದಳು. ಅಥೆನ್ಸ್ ಮುಟ್ಟಲು ಸುಮಾರು ಐದೂವರೆ ಗಂಟೆ ಹಿಡಿಯಿತು. ಕ್ರೀಡಾಂಗಣದ ಒಳಗೆ ಬಿಡಲಿಲ್ಲ, ಓಟ ಹೊರಗೇ ಮುಗಿಯಿತು.

ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಸೇರಿದ್ದು 88 ವರ್ಷಗಳ ನಂತರ, 1984ರಲ್ಲಿ. ಲಾಸ್ ಏಂಜಲಿಸ್‌ನ ಆ ಓಟವನ್ನು ಅಮೆರಿಕದ ಜೋನ್ ಬೆನೊಯಿಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಮುಗಿಸಿದರು. ಸ್ಪಿರಿಡಾನ್ ಲೂಯಿಸ್‌ನ ಸಮಯದೊಡನೆ ಹೋಲಿಸಿ ನೋಡಿ. ದಾರಿಯೂ ಅವನದಕ್ಕಿಂತ 2 ಕಿ.ಮೀ. ಹೆಚ್ಚೇ ಇತ್ತು.